ನೂರ ಅರವತ್ತಮೂರರ ಪಾಠ

ಅತಿವೇಗದಲ್ಲಿ ಗಾಡಿ ಓಡಿಸುವವರಿಗೆ ಜೈಲೇ ಆಗಬೇಕು ಎಂಬ ಮನವಿಗೆ ನಮ್ಮ ಬೀದಿಯಲ್ಲಿ ಮೊದಲು ಸಹಿ ಹಾಕಿದವನು ನಾನು. ನನ್ನದು ಕನ್ನಡಕದ ಅಂಗಡಿ. ಎದುರಿನ ತಿರುವಿನಲ್ಲಿ ಪೇಪರ್ ಮಾರುತ್ತಿದ್ದ ಮುದುಕನಿಗೆ ಒಂದು ಕಾರು ಗುದ್ದಿ ಅವನು ಅಲ್ಲೇ ತೀರಿಕೊಂಡ. ಗುದ್ದಿದವನು ದಂಡ ಕಟ್ಟಿ, ಮುಂದಿನ ತಿಂಗಳು ಅದೇ ತಿರುವಿನಲ್ಲಿ ಹಾರನ್ ಬಾರಿಸಿಕೊಂಡು ಹೋದ. ಆಗ ಅಂಗಡಿಯವರೆಲ್ಲ ಸೇರಿ ಮನವಿ ಬರೆದೆವು. ಅದು ಎರಡು ತಿಂಗಳು ನನ್ನ ಮೇಜಿನ ಮೇಲೆಯೇ ಇತ್ತು. ಕನ್ನಡಕಕ್ಕೆ ಬಂದವರಿಗೆಲ್ಲ ನಾನೇ ಪೆನ್ನು ಕೊಡುತ್ತಿದ್ದೆ, ಕಣ್ಣು ಸರಿಯಿಲ್ಲದವರಿಗೆ ಓದಿ ಹೇಳುತ್ತಿದ್ದೆ. 'ವಯಸ್ಸು, ಅಂತಸ್ತು ಯಾವುದನ್ನೂ ನೋಡಬಾರದು' ಎಂಬ ಸಾಲು ಸೇರಿಸಿದವನೂ ನಾನೇ. ಓದುವಾಗ ಆ ಸಾಲಿಗೆ ಬಂದರೆ ನನ್ನ ದನಿ ತಾನಾಗಿ ಏರುತ್ತಿತ್ತು.

ಹಾಗಾದರೆ ನಾನು ಜೋರಾಗಿ ಓಡಿಸುತ್ತಿರಲಿಲ್ಲವೇ ಎಂದರೆ, ಓಡಿಸುತ್ತಿದ್ದೆ. ಆದರೆ ನನಗೆ ಓಡಿಸಲು ಬರುತ್ತದೆ ಎಂದುಕೊಂಡಿದ್ದೆ. ಮನವಿ ಇದ್ದದ್ದು ಓಡಿಸಲು ಬಾರದವರ ಮೇಲೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿ ಹಾಗೆಯೇ ನಂಬಿದ್ದೆ.

ಒಂದು ವರ್ಷದ ಮೇಲೆ ಕಾನೂನು ಬಂತು. ಗಂಟೆಗೆ ನೂರೈವತ್ತು ದಾಟಿದರೆ ಇನ್ನು ದಂಡದಲ್ಲಿ ಮುಗಿಯುವುದಿಲ್ಲ, ಕೋರ್ಟು ಕೇಸು. ಲೈಸೆನ್ಸ್ ರದ್ದು, ಮೂರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ವಯಸ್ಸು ನೋಡುವುದಿಲ್ಲ. ಆ ದಿನ ಅಂಗಡಿಯವರೆಲ್ಲ ನನ್ನ ಬೆನ್ನು ತಟ್ಟಿದರು. ಆ ಕಾನೂನಿನಲ್ಲಿ ನಮ್ಮ ಊರಿನ ಮೊದಲ ಕೇಸು ಬಿದ್ದದ್ದು ನಮ್ಮಮ್ಮನ ಮೇಲೆ.

ಅಮ್ಮನಿಗೆ ಎಪ್ಪತ್ತಮೂರು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದವಳು. ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹೋಗಲು ಬಿಟ್ಟವಳಲ್ಲ. ಅಪ್ಪ ಹೋದ ಮೇಲೆ, ನಲವತ್ತನೆಯ ವಯಸ್ಸಿನಲ್ಲಿ ಹಟ ಹಿಡಿದು ಕಾರು ಕಲಿತಳು. ಮೂವತ್ತು ವರ್ಷಕ್ಕೂ ಹೆಚ್ಚು ಓಡಿಸಿದಳು, ಯಾವತ್ತೂ ನಲವತ್ತರ ಮೇಲೆ ಹೋದವಳಲ್ಲ. ಅವಳ ಹಿಂದೆ ಗಾಡಿಗಳ ಸಾಲು ನಿಂತಿರುತ್ತಿತ್ತು. ಕಚೇರಿಯವರು ಅವಳನ್ನು 'ಆಮೆ' ಎಂದೇ ಕರೆಯುತ್ತಿದ್ದರು. ಅವಳು ಅದನ್ನು ಬಿರುದಿನಂತೆ ಸ್ವೀಕರಿಸಿದ್ದಳು. ಎರಡು ವರ್ಷದ ಹಿಂದೆ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ನೇರವಾಗಿ ನೋಡಿದರೆ ಎದುರಿನವರ ಮುಖವಿರುವ ಜಾಗದಲ್ಲಿ ಬೂದಿ ಬಣ್ಣದ ಕಲೆ, ಓರೆಯಾಗಿ ನೋಡಿದರೆ ಮಾತ್ರ ಅಷ್ಟಿಷ್ಟು. ಯಾವ ಕನ್ನಡಕವೂ ಅದಕ್ಕೆ ಆಗಿಬರುವುದಿಲ್ಲ ಎಂದು ಹೇಳಿದವನು ನಾನೇ. ಅಂದೇ ಅವಳು ಕಾರಿನ ಕೀಲಿಯನ್ನು ನನ್ನ ಕೈಗಿಟ್ಟಳು. ಲೈಸೆನ್ಸ್ ಮಾತ್ರ ಅವಳ ಪರ್ಸಿನಲ್ಲಿ ಉಳಿಯಿತು, ಇನ್ನೂ ಅವಧಿ ಇತ್ತು.

ಆ ಲೈಸೆನ್ಸನ್ನು ನಾನು ಬಳಸಿಕೊಂಡೆ. ನಮ್ಮಲ್ಲಿ ಒಂದೊಂದು ತಪ್ಪಿಗೂ ಲೈಸೆನ್ಸಿಗೆ ಅಂಕ ಬೀಳುತ್ತದೆ, ಹನ್ನೆರಡು ಬಿದ್ದರೆ ಲೈಸೆನ್ಸೇ ಹೋಗುತ್ತದೆ. ರಸ್ತೆಯ ಕ್ಯಾಮೆರಾ ಹಿಂದಿನಿಂದ ಚಿತ್ರ ತೆಗೆಯುವುದರಿಂದ ಓಡಿಸಿದವರ ಮುಖ ಬರುವುದಿಲ್ಲ. 'ಆ ಹೊತ್ತಿನಲ್ಲಿ ಚಾಲಕರು ಯಾರು?' ಎಂದು ಕೇಳಿ ಮನೆಗೆ ಒಂದು ಫಾರಂ ಬರುತ್ತದೆ. ನನಗೆ ಒಂಬತ್ತು ಅಂಕ ಆಗಿದ್ದಾಗ ಅಮ್ಮನೇ ಅಂದಳು, "ನನ್ನ ಹೆಸರು ಬರಿ. ಖಾಲಿ ಕೂತಿರೋ ಲೈಸೆನ್ಸು, ಅದಕ್ಕೂ ಒಂದು ಕೆಲಸ ಆಗ್ಲಿ." ನಕ್ಕು ಬರೆದೆವು. ಎರಡನೆಯ ಸಲ ಅವಳು ಹೇಳುವ ಮೊದಲೇ ನಾನು ಬರೆದಿದ್ದೆ. ಮೂರನೆಯ ಸಲ ಫಾರಂ ಏನೆಂದೂ ಹೇಳದೆ ಸಹಿಯ ಜಾಗದಲ್ಲಿ ಅವಳ ಬೆರಳಿಟ್ಟು ಸಹಿ ಮಾಡಿಸಿದೆ.

ನಾಲ್ಕನೆಯ ಫಾರಂ ಹೊಸ ಕಾನೂನಿನದು. ನೋಡಲು ಹಿಂದಿನ ಹಾಗೆಯೇ ಇತ್ತು. ಕೆಳಗೆ ಮಾತ್ರ ದಪ್ಪ ಅಕ್ಷರದಲ್ಲಿ ಎರಡು ಸಾಲು: ಈ ವೇಗಕ್ಕೆ ಜೈಲು ಶಿಕ್ಷೆ ಉಂಟು, ಸಹಿ ಮಾಡಿದವರು ತಾವೇ ಓಡಿಸಿದ್ದೆಂದು ಒಪ್ಪಿಕೊಂಡಂತೆ. ನಾನು ಅದನ್ನು ಓದಿದೆ. ನೋಡಲಿಲ್ಲ, ಗೊತ್ತಾಗಲಿಲ್ಲ ಎಂದು ಹೆಂಡತಿಗೂ ವಕೀಲರಿಗೂ ಹೇಳಿದ್ದು ಸುಳ್ಳು. ಎರಡು ಸಲ ಓದಿದೆ. ಮುದುಕಿಯನ್ನು ಯಾರು ಜೈಲಿಗೆ ಹಾಕುತ್ತಾರೆ ಎಂದುಕೊಂಡು, ಅಮ್ಮನ ಬೆರಳು ಹಿಡಿದು ಜಾಗಕ್ಕೆ ಇಟ್ಟೆ. "ಮತ್ತೆ ಬಂತಾ ಇದು? ನಿನ್ನ ಕಾಲಿಗೆ ಬ್ರೇಕ್ ಹಾಕಿಸ್ಬೇಕು" ಎಂದು ನಗುತ್ತಲೇ ಅವಳು ಸಹಿ ಮಾಡಿದಳು.

ಸಮನ್ಸ್ ಬಂದದ್ದು ಮೂರು ವಾರದ ಮೇಲೆ. ನಾನು ಅಂಗಡಿಯಲ್ಲಿದ್ದೆ, ಹೆಂಡತಿ ಬಿಚ್ಚಿ ಓದಿದಳು. ಅವಳು ಶಾಲೆಯಲ್ಲಿ ಗಣಿತ ಹೇಳುವವಳು. ನಾನು ಮನೆಗೆ ಬರುವಷ್ಟರಲ್ಲಿ ಸಮನ್ಸಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿಟ್ಟಿದ್ದಳು.

"ನೂರ ಅರವತ್ತಮೂರು ಅಂದ್ರೆ ಸೆಕೆಂಡಿಗೆ ನಲವತ್ತೈದು ಮೀಟರ್ ರೀ. ಒಂದು ಸಲ ಕಣ್ಣು ಮಿಟುಕಿಸಿದ್ರೆ ನಮ್ಮ ಮನೆ ಈ ತುದಿಯಿಂದ ಆ ತುದಿ. ಅತ್ತೆ ಓಡಿಸಿದ್ರಾ ಇದನ್ನ?"

ನಾನು ಸಮನ್ಸನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದಳು. ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ಅತ್ತೆಯ ಮೂಲಕ. "ಅತ್ತೆ, ನಿಮ್ಮ ಮಗನಿಗೆ ಊಟ ಆಗಿದೆ ಅಂತ ಹೇಳಿ." ನಾನು ಎರಡಡಿ ದೂರದಲ್ಲಿ ಕೂತಿರುತ್ತಿದ್ದೆ.

ವಕೀಲರ ಬಳಿ ಹೋದೆ. ಅವರು ನನ್ನ ಗಿರಾಕಿಯೇ, ಎರಡು ಕನ್ನಡಕ ನನ್ನಲ್ಲೇ ಮಾಡಿಸಿದವರು.

"ನೀವು ಒಪ್ಕೊಂಡ್ರೆ ಎರಡು ಕೇಸು," ಎಂದರು. "ವೇಗದ್ದೊಂದು, ಸುಳ್ಳು ಹೆಸರು ಕೊಟ್ಟಿದ್ದೊಂದು. ಎರಡನೇದ್ರಲ್ಲಿ ನಿಮ್ಮ ತಾಯೀನೂ ಸಿಕ್ಕಾಕೊಳ್ತಾರೆ. ಬಾಯಿ ಮುಚ್ಕೊಂಡಿದ್ರೆ ಒಂದೇ ಕೇಸು. ಇಷ್ಟು ವಯಸ್ಸಾದೋರ ಮೇಲೆ ಯಾರಿಗಾದ್ರೂ ಕನಿಕರ ಬರತ್ತೆ."

"ಆದ್ರೆ ಕಾನೂನಲ್ಲಿ ವಯಸ್ಸು ನೋಡಲ್ಲ ಅಂತಿದೆಯಲ್ಲ ಸಾರ್?"

"ಇದೆ. ಅದನ್ನ ಕೇಳಿ ಬರೆಸಿದ್ದು ಯಾರು ಸ್ವಾಮಿ?" ಎಂದು ಅವರು ಕನ್ನಡಕ ಒರೆಸಿಕೊಂಡರು. ಆ ಮನವಿಗೆ ನಾನು ಅವರ ಕೈಲೂ ಸಹಿ ಹಾಕಿಸಿದ್ದೆ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಎಲ್ಲ ಎಂದರೆ ಜೈಲಿನ ಮಾತು. ಅವಳು ಅಡುಗೆಮನೆಯ ಮೇಜಿನಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಕಣ್ಣಿಲ್ಲದಿದ್ದರೂ ಬೆರಳಿನ ಅಳತೆಯಲ್ಲೇ ಒಂದೇ ಸಮ ಹೆಚ್ಚುತ್ತಾಳೆ.

"ನೀನು ಒಳಗೆ ಹೋದ್ರೆ ಅಂಗಡಿ ಮುಚ್ಚತ್ತೆ," ಎಂದಳು, ಚಾಕು ನಿಲ್ಲಿಸದೆ. "ನಾನು ಹೋದ್ರೆ ಏನು ಮುಚ್ಚತ್ತೆ? ನನ್ನ ಬಾಯಿ. ನಿಮಗೂ ಮೂರು ತಿಂಗಳು ಆರಾಮ."

"ಅಮ್ಮಾ, ಬೇಡ..."

"ಬೇಡ ಅನ್ನೋದನ್ನ ಸಹಿಗೆ ಮುಂಚೆ ಹೇಳ್ಬೇಕಿತ್ತು. ಈಗ ಪರೀಕ್ಷೆಗೆ ಕೂರೋಳು ನಾನು. ನೀನು ಪಾಠ ಮಾಡು. ಏನೂ ಗೊತ್ತಿಲ್ದೆ ಹೋಗಿ ಅಲ್ಲಿ ಬೆಬ್ಬೆಬ್ಬೆ ಅಂದ್ರೆ ಇಬ್ರೂ ಸಿಕ್ಕಿಬೀಳ್ತೀವಿ."

ನಾನು ಬೇಡ ಎಂದದ್ದು ಅದೊಂದೇ ಸಲ, ಅದೂ ಅರ್ಧ ಮಾತು. ಒಳಗೊಳಗೆ ಎದೆ ಹಗುರಾಗಿತ್ತು.

ಹೀಗೆ ಪಾಠ ಶುರುವಾಯಿತು. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅರ್ಧ ಗಂಟೆ, ಅಡುಗೆಮನೆಯಲ್ಲಿ. ನನ್ನ ತಪ್ಪನ್ನು ನನ್ನ ತಾಯಿಗೆ ನಾನೇ ಹೇಳಿಕೊಡುವುದು.

"ಎಷ್ಟನೇ ಗೇರಲ್ಲಿದ್ದೆ ನಾನು?"

"ಐದು."

"ಐದು ಇರತ್ತಾ? ನನ್ನ ಕಾರಲ್ಲಿ ನಾಲ್ಕೇ ಇದ್ದಿದ್ದು. ನಾಲ್ಕನೇದನ್ನ ನಾನು ವರ್ಷಕ್ಕೊಂದು ಸಲ ಹಾಕ್ತಿದ್ದೆ, ತುಕ್ಕು ಹಿಡೀಬಾರ್ದು ಅಂತ." ನಕ್ಕಳು. "ಎಲ್ಲಿಂದ ಜೋರು ಮಾಡ್ದೆ?"

"ಸೇತುವೆ ದಾಟಿದ ಮೇಲೆ."

"ಸೇತುವೆ ದಾಟಿದ ಮೇಲೆ, ಐದನೇ ಗೇರು," ಎಂದು ಮನಸ್ಸಿನಲ್ಲಿ ಬರೆದುಕೊಂಡಂತೆ ಹೇಳಿಕೊಂಡಳು. "ಯಾಕೆ ಜೋರು ಮಾಡ್ದೆ?"

ಒಬ್ಬರಿಗೆ ತುರ್ತಾಗಿ ಕನ್ನಡಕ ಕೊಡಬೇಕಿತ್ತು ಎಂದೆ.

"ಕನ್ನಡಕ ಕೊಡೋಕೆ ನಾನ್ಯಾಕೆ ಹೋಗ್ತೀನೋ? ನಂಬೋ ಹಾಗೆ ಹೇಳು. ನಿಜ ಏನಿತ್ತು?"

ನಿಜ ಹೇಳಿದೆ. ಒಂದು ನೀಲಿ ಬಣ್ಣದ ಸಣ್ಣ ಕಾರು ನನ್ನನ್ನು ದಾಟಿ ಮುಂದೆ ಹೋಯಿತು. ಅದರೊಳಗಿದ್ದ ಹುಡುಗ ಕೈ ಬೀಸಿದ. ಅಷ್ಟೇ.

ಅಮ್ಮನ ಚಾಕು ನಿಂತಿತು. "ಯಾರೋ ಮುಂದೆ ಹೋದ. ಅದಕ್ಕೆ?"

"ಹೂಂ."

"ಮತ್ತೇನೂ ಇಲ್ವಾ? ಯಾರಿಗಾದ್ರೂ ಹುಷಾರಿರ್ಲಿಲ್ಲ, ಆಸ್ಪತ್ರೆ, ಅಂಥದ್ದು?"

"ಇಲ್ಲಮ್ಮ."

ಅವಳು ಹೆಚ್ಚಿದ ಬೀನ್ಸನ್ನು ಒಂದು ಕಡೆಗೆ ಸರಿಸಿದಳು. "ಇದನ್ನ ನಾಲ್ಕು ಜನರ ಮುಂದೆ ಹೇಳೋಕೆ ನಂಗೆ ನಾಚಿಕೆ ಆಗತ್ತೆ ಕಣೋ. ಬೇರೆ ಏನಾದ್ರೂ ಕೊಡು."

ನಲವತ್ತಾರು ವರ್ಷದ ನಾನು ಮೇಜಿನ ಮೇಲಿನ ಬೀನ್ಸ್ ನಾರನ್ನು ನೋಡುತ್ತ ಕೂತೆ. ಕೊಡಲು ನನ್ನಲ್ಲಿ ಬೇರೆ ಕಾರಣವಿರಲಿಲ್ಲ. ಕೊನೆಗೆ ಅವಳೇ ಹುಡುಕಿಕೊಂಡಳು. ಮುದುಕಿ, ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದೆ, ಗಾಬರಿಯಲ್ಲಿ ಕಾಲು ತೆಗೆಯಲು ತೋಚಲಿಲ್ಲ ಎಂದು. ಇಷ್ಟು ವರ್ಷ ಒಂದು ಗೀರು ಬೀಳದಂತೆ ಗಾಡಿ ಓಡಿಸಿದವಳು ಈ ಮಾತನ್ನು ದಿನಕ್ಕೆ ನಾಲ್ಕು ಸಲ ಬಾಯಿಪಾಠ ಮಾಡಿದಳು. ಮಾಡುವಾಗ ದನಿಯನ್ನು ಬೇಕೆಂದೇ ನಡುಗಿಸುತ್ತಿದ್ದಳು. "ಹೇಗಿದೆ? ಸಾಕಷ್ಟು ಮುದುಕಿ ಥರ ಇದೆಯಾ?" ಎಂದು ಕೇಳುತ್ತಿದ್ದಳು. ಹೆಂಡತಿ ಪಾತ್ರೆ ತೊಳೆಯುವುದನ್ನು ಬಿಟ್ಟು ಹೊರಗೆ ಎದ್ದು ಹೋಗುತ್ತಿದ್ದಳು.

ಹೋಗುವ ಹಿಂದಿನ ದಿನ ಅಮ್ಮ ಕೇಳಿದಳು, "ಒಂದು ಬಿಟ್ಟೇಹೋಗಿತ್ತು. ರಸ್ತೇಲಿ ಜನ ಇದ್ರಾ?"

"ಇಲ್ಲ."

"ಒಬ್ರೂ?"

"ಒಬ್ರೂ ಇಲ್ಲಮ್ಮ. ಖಾಲಿ ರಸ್ತೆ."

"ಸದ್ಯ," ಎಂದು ಉಸಿರು ಬಿಟ್ಟಳು. "ಇಷ್ಟು ದಿನ ಕೇಳೋಕೆ ಹೆದರಿಕೆ ಆಗ್ತಿತ್ತು ನಂಗೆ."

ಒಬ್ಬರಿದ್ದರು. ರಸ್ತೆಗೆ ಬಿಳಿ ಗೆರೆ ಬಳಿಯುವ ಕೆಲಸ ನಡೆದಿತ್ತು. ಗಾಡಿಗಳನ್ನು ನಿಧಾನ ಮಾಡಿಸಲು ಒಬ್ಬ ಕೆಂಪು ಬಾವುಟ ಹಿಡಿದು ನಿಂತಿದ್ದ. ನೀಲಿ ಕಾರನ್ನು ಹಿಡಿಯುವ ಭರದಲ್ಲಿದ್ದ ನನಗೆ ಅವನು ಬಾವುಟ ಬೀಸಿದ. ನಾನು ಕಾಲು ತೆಗೆಯಲಿಲ್ಲ. ಅವನು ಹಾರಿಕೊಂಡ. ಏನೂ ಆಗಲಿಲ್ಲವಲ್ಲ, ಹೇಳಿ ಪ್ರಯೋಜನವೇನು ಎಂದು ಅಮ್ಮನಿಗೆ ಹೇಳಲಿಲ್ಲ. ನಮಗೆ ಬಂದ ನೋಟೀಸಿನಲ್ಲಿದ್ದ ಚಿತ್ರದಲ್ಲಿ ಕಾರಿನ ನಂಬರ್ ಮಾತ್ರ ಕಾಣುತ್ತಿತ್ತು.

ಕೋರ್ಟಿನ ಕೋಣೆ ಸಣ್ಣದು. ನಾಲ್ಕು ಸಾಲು ಬೆಂಚು, ಗೋಡೆಗೆ ಆತುಕೊಂಡ ಫೈಲುಗಳು, ಒಂದು ಕಡೆ ಟೈಪಿಸ್ಟ್. ನ್ಯಾಯಾಧೀಶರು ಹೆಂಗಸು, ಅಮ್ಮನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನ ಹೆಂಡತಿ ಅಮ್ಮನ ತೋಳು ಹಿಡಿದು ಕಟಕಟೆಯವರೆಗೆ ಬಿಟ್ಟು ಬಂದಳು. ಅಮ್ಮ ಇಸ್ತ್ರಿ ಸೀರೆ ಉಟ್ಟು, ಅಂಚೆ ಕಚೇರಿಗೆ ಹೋಗುತ್ತಿದ್ದಾಗಿನ ಹಾಗೆ ನೆಟ್ಟಗೆ ನಿಂತಳು. ದನಿ ನಡುಗಿಸುವುದನ್ನು ಮರೆತೇಬಿಟ್ಟಳು.

ಸೇತುವೆ, ಐದನೇ ಗೇರು, ಬ್ರೇಕ್ ಅಂದುಕೊಂಡು ತುಳಿದದ್ದು, ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಹೇಳಿದಳು. ಕೇಳುತ್ತಿದ್ದರೆ ನನಗೇ ಅವಳು ಓಡಿಸಿದ್ದಿರಬೇಕು ಅನ್ನಿಸುತ್ತಿತ್ತು. ವಕೀಲರು ನನ್ನ ಕಡೆ ತಿರುಗಿ ಕಣ್ಣಲ್ಲೇ ಪರವಾಗಿಲ್ಲ ಎಂದರು.

"ಆಗ ರಸ್ತೆಯಲ್ಲಿ ಯಾರಾದರೂ ಇದ್ದರಾ?" ನ್ಯಾಯಾಧೀಶರು ಕೇಳಿದರು.

"ಯಾರೂ ಇರ್ಲಿಲ್ಲ ಮೇಡಂ. ಖಾಲಿ ರಸ್ತೆ. ಅದೊಂದು ನಂಗೆ ಚೆನ್ನಾಗಿ ನೆನಪಿದೆ."

ನ್ಯಾಯಾಧೀಶರು ಒಂದು ದೊಡ್ಡ ಚಿತ್ರವನ್ನು ಅವಳ ಕೈಗೆ ಕೊಡಿಸಿದರು. ಕ್ಯಾಮೆರಾದ ಪೂರ್ತಿ ಚಿತ್ರ. ನಾನು ಕೂತಲ್ಲಿಂದಲೇ ಅದರ ಬಲಮೂಲೆಯಲ್ಲಿ ಕೆಂಪು ಚುಕ್ಕೆ ಕಂಡಿತು. ನನ್ನ ಕಣ್ಣು ಚೆನ್ನಾಗಿದೆ.

"ಸರಿಯಾಗಿ ನೋಡಿ ಹೇಳಿ. ಈ ಮೂಲೆಯಲ್ಲಿ ಯಾರಿದ್ದಾರೆ?"

ಅಮ್ಮ ಚಿತ್ರವನ್ನು ಮುಖದ ಪಕ್ಕಕ್ಕೆ ತಂದಳು. ಓರೆ ಮಾಡಿದಳು. ಏನೂ ಕಂಡಿರಲಿಕ್ಕಿಲ್ಲ. ಆದರೆ ಮಗ ಹೇಳಿದ್ದನಲ್ಲ.

"ಯಾರೂ ಇಲ್ಲ ಮೇಡಂ," ಎಂದಳು ಧೈರ್ಯವಾಗಿ.

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಬಿಸಿಲಿಗೆ ಸುಟ್ಟ ಮುಖದ ಒಬ್ಬ ಎದ್ದು ನಿಂತ. ಸಾಕ್ಷಿಗೆಂದು ಅವನನ್ನು ಕರೆಸಿದ್ದರು. ಅವನ ಬಲಗೈ ಮಣಿಕಟ್ಟಿನ ಬಳಿ ಸೊಟ್ಟಗಿತ್ತು. "ಅಲ್ಲಿದ್ದೋನು ನಾನು," ಎಂದ. "ಚರಂಡಿಗೆ ಬಿದ್ದು ಕೈ ಮುರೀತು. ಈಗ್ಲೂ ಬ್ರಷ್ ಹಿಡಿಯೋಕೆ ಆಗಲ್ಲ." ಕೈ ಮುರಿದಿತ್ತೆಂದು ನನಗೆ ತಿಳಿದದ್ದು ಆಗಲೇ.

ನ್ಯಾಯಾಧೀಶರ ದನಿ ಗಟ್ಟಿಯಾಯಿತು. "ಇಷ್ಟು ವಯಸ್ಸಾಗಿದೆ ನಿಮಗೆ. ಚಿತ್ರ ಕೈಯಲ್ಲಿಟ್ಟರೂ ಯಾರೂ ಇಲ್ಲ ಅಂತೀರಲ್ಲ. ಕೂಲಿ ಮಾಡೋ ಮನುಷ್ಯ ನಿಮಗೆ ಮನುಷ್ಯ ಅಂತ ಕಾಣಲ್ವಾ?"

ಅಮ್ಮನ ಮುಖದ ಬಣ್ಣ ಇಳಿಯಿತು. ನಾನು ಸುಳ್ಳು ಹೇಳಿದ್ದೇನೆಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಎಲ್ಲರಿಗೂ ತಿಳಿದುಬಿಡುತ್ತಿತ್ತು. ಅವನ ದನಿ ಕೇಳಿಸಿದ್ದ ದಿಕ್ಕಿಗೆ ತಿರುಗಿದಳು. ಅಷ್ಟರಲ್ಲಿ ಆ ಮನುಷ್ಯ ಬೆಂಚು ಬಿಟ್ಟು ಮುಂದೆ ಬಂದಿದ್ದ.

"ತಪ್ಪಾಯ್ತಪ್ಪ," ಎಂದು ಅಮ್ಮ ಖಾಲಿ ಬೆಂಚಿಗೆ ಹೇಳಿದಳು. "ನಾನು ನೋಡ್ಬೇಕಿತ್ತು. ನೋಡ್ಲಿಲ್ಲ. ಕ್ಷಮಿಸು."

ಟೈಪಿಸ್ಟಿನ ಕೈ ನಿಂತಿತು. ಒಬ್ಬಿಬ್ಬರು ನಕ್ಕರು. ನಾನು ಎದ್ದು ನಿಂತೆ.

"ಗಾಡಿ ಓಡಿಸಿದ್ದು ನಾನು ಮೇಡಂ. ಅಮ್ಮನಿಗೆ ಕಣ್ಣು ಕಾಣಲ್ಲ."

ವಕೀಲರು ನನ್ನ ಅಂಗಿ ಎಳೆದರು. ನ್ಯಾಯಾಧೀಶರು ಅಮ್ಮನನ್ನು ಕೇಳಿದರು, "ನಿಜವೇ?"

"ಅವನ ಮಾತು ಕೇಳ್ಬೇಡಿ ಮೇಡಂ," ಎಂದಳು ಅಮ್ಮ. ಈಗ ದನಿ ನಿಜವಾಗಿಯೂ ನಡುಗುತ್ತಿತ್ತು. "ತಾಯಿ ಜೈಲಿಗೆ ಹೋಗ್ತಾಳೆ ಅಂತ ಹೀಗೆ ಹೇಳ್ತಿದಾನೆ. ಚಿಕ್ಕೋನಿದ್ದಾಗಿಂದ್ಲೂ ಹಾಗೇ, ನನ್ನ ಕಂಡ್ರೆ ಪ್ರಾಣ."

ಕೋಣೆಯಲ್ಲಿ ಪಿಸುಮಾತು ಎದ್ದಿತು. "ಎಂಥಾ ಮಗ," ಎಂದರು ಯಾರೋ. ಪಕ್ಕದ ಬೆಂಚಿನ ಅಜ್ಜ ಒಬ್ಬರು ನನ್ನ ಭುಜ ತಟ್ಟಿದರು. ನ್ಯಾಯಾಧೀಶರೂ ಮೆತ್ತಗಾದರು. "ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಇನ್ನೊಬ್ಬರ ತಪ್ಪು ತಲೆಮೇಲೆ ಹೊತ್ತುಕೊಳ್ಳೋದೂ ಅಪರಾಧವೇ. ಕೂತ್ಕೊಳ್ಳಿ."

ಕೂತುಬಿಡೋಣ ಅನ್ನಿಸಿತು. ಸುಳ್ಳೇಕೆ ಹೇಳಲಿ, ನಿಜವಾಗಿಯೂ ಅನ್ನಿಸಿತು. ಹೇಳಬೇಕಾದ್ದು ಹೇಳಿಯಾಯಿತು, ನಂಬದಿದ್ದರೆ ನಾನೇನು ಮಾಡಲಿ, ಮೇಲಾಗಿ ಒಳ್ಳೆಯ ಮಗ ಎಂಬ ಹೆಸರೂ ಬಂತು. ಮೊಣಕಾಲು ಆಗಲೇ ಬಾಗತೊಡಗಿತ್ತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮೂರು ವಾರದಲ್ಲಿ ಮೊದಲ ಸಲ ನೇರವಾಗಿ ಮಾತಾಡಿದಳು, ಮೆಲ್ಲಗೆ, "ಕೂತ್ರೆ ಮನೆಗೆ ಬರ್ಬೇಡಿ."

ನಾನು ಬಾವುಟದವನ ಕಡೆ ತಿರುಗಿದೆ.

"ನೀವು ಎಡಕ್ಕೆ ಹಾರಿದ್ರಿ. ಬಾವುಟ ನನ್ನ ಕಾರಿನ ಗಾಜಿಗೆ ತಾಗಿ ಹೋಯ್ತು. ಬಲಗಾಲಿನ ಬೂಟು ರಸ್ತೆ ನಡುವೆ ಹಸಿ ಬಣ್ಣದ ಮೇಲೆ ಬಿತ್ತು. ನೀವು ಚರಂಡಿಯಿಂದ ಎದ್ದು, ಕೈ ಎದೆಗೆ ಒತ್ತಿಕೊಂಡು, ಕುಂಟಿಕೊಂಡು ಬೂಟು ತಗೊಳ್ಳೋಕೆ ಬಂದ್ರಿ."

ಅವನು ನನ್ನನ್ನು ನೋಡುತ್ತ ನಿಂತ. "ಬೂಟಿನ ವಿಷಯ ನಾನು ಯಾರಿಗೂ ಹೇಳಿಲ್ಲ," ಎಂದ ನ್ಯಾಯಾಧೀಶರಿಗೆ. ಮತ್ತೆ ನನಗೆ, "ಹೆಂಗೆ ಗೊತ್ತು?"

"ಮುಂದೆ ಹೋಗಿ ನಿಧಾನ ಮಾಡಿ, ಕನ್ನಡಿಯಲ್ಲಿ ನೋಡಿದೆ."

"ನೋಡಿ ಏನ್ ಮಾಡಿದ್ರಿ?"

ಈ ಭಾಗವನ್ನು ನಾನು ಮೇಲೆ ಬರೆಯಲಿಲ್ಲ. ಬರೆಯಬಹುದಿತ್ತು, ಕೈ ಬರಲಿಲ್ಲ.

"ನಕ್ಕೆ," ಎಂದೆ.

ಭುಜ ತಟ್ಟಿದ್ದ ಅಜ್ಜ ಸ್ವಲ್ಪ ಸರಿದು ಕೂತರು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಹಾಗೆ ಅನ್ನಿಸುವುದು ಸುಳ್ಳಲ್ಲ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಅಮ್ಮನಿಗೆ ಎಚ್ಚರಿಕೆ ಕೊಟ್ಟು, ಲೈಸೆನ್ಸ್ ವಾಪಸು ತೆಗೆದುಕೊಂಡು ಬಿಟ್ಟರು. ನನ್ನ ಹೇಳಿಕೆ ಬರೆದುಕೊಳ್ಳಲು ಬೇರೆ ಕೋಣೆಗೆ ಕರೆದುಕೊಂಡು ಹೋಗುವಂತೆ ಪೊಲೀಸಿನವನಿಗೆ ಹೇಳಿದರು. ಐದು ತಿಂಗಳ ಶಿಕ್ಷೆ ತೀರ್ಮಾನವಾದದ್ದು ಮುಂದಿನ ವಾರ. ಅದು ಅನುಭವಿಸಬಹುದಾದ ಶಿಕ್ಷೆ.

ಹೊರಗಿನ ಓಣಿಯಲ್ಲಿ ಅಮ್ಮ ಹೆಂಡತಿಯ ತೋಳು ಹಿಡಿದು ನಿಂತಿದ್ದಳು. ನಾನು ಹತ್ತಿರ ಹೋದೆ.

"ನಕ್ಕೆಯೇನೋ?" ಎಂದಳು.

"ಹೂಂ ಅಮ್ಮ."

ಬೈಯುತ್ತಾಳೆ ಎಂದು ಕಾದೆ. ಒಂದು ಏಟು ಹಾಕಿದ್ದರೂ ಸಾಕಿತ್ತು. ಅವಳು ಸೊಸೆಯ ಕಡೆ ತಿರುಗಿದಳು. "ಆ ಮನುಷ್ಯ ಎಲ್ಲಿದಾನಮ್ಮ? ಆಗ ಎಲ್ಲೋ ನೋಡ್ಕೊಂಡು ಹೇಳಿಬಿಟ್ಟೆ."

"ಅಲ್ಲಿ ಕೂತಿದಾರೆ ಅತ್ತೆ. ಬನ್ನಿ."

ಅಮ್ಮ ಹೋಗಿ ಅವನ ಪಕ್ಕದಲ್ಲಿ ಕೂತಳು. ಗಾಳಿಯಲ್ಲಿ ತಡವರಿಸಿ ಅವನ ತೋಳು ಮುಟ್ಟಿ, ಹಾಗೇ ಕೆಳಗೆ ಬೆರಳಾಡಿಸಿ ಮಣಿಕಟ್ಟು ಹುಡುಕಿಕೊಂಡಳು. "ಇಲ್ಲೇನಪ್ಪ ಮುರಿದಿದ್ದು?" ಎಂದು ಕೇಳುವುದು ನನಗೆ ಕೇಳಿಸಿತು. ಅವನು ಏನೋ ಹೇಳಿದ. ಅವಳು ಆ ಕೈ ಬಿಡದೆ ತಲೆ ತಗ್ಗಿಸಿ ಕೂತಿದ್ದಳು.

"ನಡೀರಿ," ಎಂದ ಪೊಲೀಸಿನವನು. ಹೋಗಬೇಕಾದ ಕೋಣೆ ಓಣಿಯ ಆ ತುದಿಯಲ್ಲಿತ್ತು. ಅವರಿಬ್ಬರ ಮುಂದೆಯೇ, ಕಾಲಿಗೆ ಕಾಲು ತಾಗುವಷ್ಟು ಹತ್ತಿರದಿಂದ ಹಾದುಹೋದೆ. ನನ್ನ ಹೆಜ್ಜೆಯ ಸದ್ದು ಅಮ್ಮನಿಗೆ ಚೆನ್ನಾಗಿ ಗೊತ್ತು. ಅವಳು ತಲೆ ಎತ್ತಲಿಲ್ಲ.